ಬ್ಯಾಂಕಾಕಿನ ನೌಕರಿ

ಸೊಲ್ಲಾಪುರ
ಶನಿವಾರ, 8 ಫೆಬ್ರುವರಿ 2025

ಪ್ರೀತಿಯ ಅವ್ವ,

ಒಂದು ತಾಸಿನ ಬಸ್ ಹಾದಿಗೆ ಇವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಾನು ಆರಾಮ ಇದ್ದೇನೆ. ಫೋನ್ ಮಾಡಿದರೆ ಅದು ಅಪ್ಪನ ಅಂಗಡಿಯಲ್ಲಿರುತ್ತದೆ. ಅಪ್ಪ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ, ಬೇಳೆ ಒಯ್ಯಲು ಬಂದವರೂ ಕೇಳಿಸಿಕೊಳ್ಳುತ್ತಾರೆ. ಎದುರಿಗೆ ಕೂತು ಹೇಳೋಣವೆಂದರೆ ನಿನ್ನ ಮುಖ ನೋಡಿದೊಡನೆ ಮಾತು ಬದಲಿಸಿಬಿಡುತ್ತೇನೆ. ನನ್ನ ಜೊತೆ ಕೋಣೆಯಲ್ಲಿರುವ ಛಾಯಾ ನಾಳೆ ಸ್ವಾಮಿಗಳ ದರ್ಶನಕ್ಕೆ ಅಕ್ಕಲಕೋಟೆಗೆ ಬರುತ್ತಾಳೆ, ಅವಳೇ ಇದನ್ನು ನಿನ್ನ ಕೈಗೆ ಕೊಡುತ್ತಾಳೆ. ಓದಿ ಮುಗಿಸಿದ ಕೂಡಲೇ ಪಕ್ಕದ ಮನೆಯ ಸುಗಲಾ ಮಾವಶಿಯ ಹತ್ತಿರ ಹೋಗು. ನಾಳೆಯೇ ಹೋಗು.

ನಿನ್ನೆ ಫೋನಿನಲ್ಲಿ ನೀನು ಎಷ್ಟು ಖುಷಿಯಿಂದ ಹೇಳಿದೆ: "ಮಾವಶಿ ಮಗಳು ರೂಪಾಲಿಗೂ ಬ್ಯಾಂಕಾಕಿನ್ಯಾಗ ಇಂಗ್ಲಿಷ್ ಕಲಸೂ ನೌಕರಿ ಸಿಕ್ಕದ ನೋಡು. ಆಗ ನಿನಗ ಸಿಕ್ಕಿತ್ತಲ್ಲ, ಅದ ಸಾಲಿ. ಸೋಮವಾರ ಪಾಸ್‌ಪೋರ್ಟ್ ಕಳಸ್ತಾಳಂತ." ನಾನು ಹೂಂ ಎಂದು ಫೋನ್ ಇಟ್ಟೆ. ಆಮೇಲೆ ರೂಪಾಲಿಗೆ ಫೋನ್ ಮಾಡಿ, ಕಳಿಸಬೇಡ, ಅದು ಮೋಸ ಎಂದೆ. ಅವಳು ನಂಬಲಿಲ್ಲ. "ಅಕ್ಕಾ, ನಿನ್ನ ವೀಸಾ ತಡ ಆತು, ಅದಕ್ಕ ನೀ ಈಗ ಮಾಲ್ಡೀವ್ಸ್ ನೌಕರಿಗೆ ಹೊಂಟಿ ಅಂತ ನಿಮ್ಮ ಅವ್ವನ ಹೇಳ್ಯಾರ. ನನಗ ಸಿಕ್ಕ ಮ್ಯಾಲ ಮೋಸ ಅಂತೀಯಲ್ಲ?" ಎಂದಳು. ಅವಳ ತಪ್ಪಿಲ್ಲ. ವೀಸಾ ತಡವಾಯಿತು ಎಂಬುದು ನಾನು ನಿನಗೆ ಹೇಳಿದ ಸುಳ್ಳು. ನೀನು ಅದನ್ನು ನಿಜವೆಂದು ತಿಳಿದು ಮೂರು ತಿಂಗಳಿಂದ ಓಣಿಗೆಲ್ಲ ಹೇಳುತ್ತಿದ್ದೀಯ.

ನಡೆದದ್ದೇ ಬೇರೆ.

ದೀಪಾವಳಿ ರಜೆಯಲ್ಲಿ ನಾನೂ ಛಾಯಾಳೂ ನೌಕರಿ ಹುಡುಕುವ ಒಂದು ವೆಬ್‌ಸೈಟಿನಲ್ಲಿ ನಮ್ಮ ಮಾಹಿತಿ ಹಾಕಿದ್ದೆವು. ಆರು ವರ್ಷದಿಂದ ಅದೇ ಒಂಬತ್ತನೆಯ ತರಗತಿ, ಅದೇ ಪಾಠ, ಅದೇ ಕಿಟಕಿ. ಬೇರೆ ಊರಿನ ಮಕ್ಕಳಿಗೆ ಒಮ್ಮೆ ಕಲಿಸಿ ನೋಡಬೇಕೆಂಬ ಆಸೆ ನನಗೆ. ಮೂರನೆಯ ದಿನವೇ ಡೇವಿಡ್ ಎಂಬುವನಿಂದ ವಾಟ್ಸಾಪಿನಲ್ಲಿ ಸಂದೇಶ ಬಂತು. ಬ್ಯಾಂಕಾಕಿನ ದೊಡ್ಡ ಶಾಲೆಯೊಂದರ ಪರವಾಗಿ ಶಿಕ್ಷಕರನ್ನು ಆರಿಸುವವನು ತಾನು ಎಂದ. ಅವನ ಮುಖ ನೋಡಲಿಲ್ಲ, ದನಿ ಕೇಳಲಿಲ್ಲ. ಅರ್ಧ ತಾಸು ಬರೆದು ಬರೆದು ಮಾತಾಡಿ, ನಿನ್ನಂಥ ಶಿಕ್ಷಕಿಯನ್ನೇ ನಾವು ಹುಡುಕುತ್ತಿದ್ದೆವು ಎಂದುಬಿಟ್ಟ. ಇಲ್ಲಿಯ ನಾಲ್ಕು ಪಟ್ಟು ಪಗಾರ, ಇರಲು ಮನೆ. ಮರುದಿನ ಛಾಯಾಳಿಗೂ ಅದೇ ಮಾತು ಬಂತು. ಅವ್ವ, ಆರು ವರ್ಷದಲ್ಲಿ ನನ್ನ ಕಲಿಸುವಿಕೆಯನ್ನು ಯಾರೂ ಹೊಗಳಿರಲಿಲ್ಲ. ನಾನು ಆ ಹೊಗಳಿಕೆಗೇ ಸೋತೆ.

ನಿನಗೆ ಸಿಹಿ ಭಾಗ ಮಾತ್ರ ಹೇಳಿದೆ. ನೀನು ಓಣಿಗೆಲ್ಲ ಪೇಢೆ ಹಂಚಿದೆ. ವೀಸಾಕ್ಕೆಂದು ನಲವತ್ತೈದು ಸಾವಿರ ತುಂಬಬೇಕಿತ್ತು, ಪಾಸ್‌ಪೋರ್ಟ್, ಡಿಗ್ರಿ, ಬಿ.ಎಡ್. ಎಲ್ಲವೂ ಅಸಲು ಪ್ರತಿಯೇ ಮುಂಬಯಿಯ ಒಂದು ವಿಳಾಸಕ್ಕೆ ಹೋಗಬೇಕಿತ್ತು, ನಾಲ್ಕು ದಿನದೊಳಗೆ, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಇದನ್ನು ಯಾರಿಗೂ ಹೇಳಲಿಲ್ಲ. ಸೋಮವಾರ ಬ್ಯಾಂಕಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಶನಿವಾರ ಬೆಳಿಗ್ಗೆ ಛಾಯಾ ಇಬ್ಬರ ಕಾಗದಗಳನ್ನೂ ಒಂದೇ ಪಾಕೀಟಿನಲ್ಲಿ ಹಾಕಿ ಕೊರಿಯರ್ ಮಾಡಿ ಬಂದಳು.

ಅಂದು ಮಧ್ಯಾಹ್ನ ನಾನು ಹೊಸ ನೋಟುಬುಕ್ಕು ತಂದು, ಅಲ್ಲಿಯ ಮೊದಲ ಪಾಠ ಬರೆಯಲು ಕೂತೆ. ಯಾವ ಪುಸ್ತಕ, ಎಷ್ಟನೆಯ ತರಗತಿ, ಎಷ್ಟು ಮಕ್ಕಳು ಎಂದು ಡೇವಿಡ್‌ಗೆ ಕೇಳಿದೆ. ಹಣ ತುಂಬಿದ ಮೇಲೆ ಎಲ್ಲ ತಿಳಿಸುತ್ತೇವೆ ಎಂದ. ಪಾಠ ಓದದೆ ಬಂದ ಹುಡುಗರು ನನ್ನ ಮುಂದೆ ನಿಂತು ಹೀಗೆಯೇ ಉತ್ತರ ಕೊಡುತ್ತಾರೆ. ಸರಿ, ಈಗ ಅಲ್ಲಿ ಕಲಿಸುತ್ತಿರುವ ಒಬ್ಬ ಶಿಕ್ಷಕಿಯ ಜೊತೆ ಐದು ನಿಮಿಷ ಮಾತಾಡಿಸು ಎಂದೆ. ಅವನಿಗೆ ಸಿಟ್ಟೇ ಬಂತು. ನಂಬಿಕೆ ಇಲ್ಲದಿದ್ದರೆ ಬಿಡು, ಇಪ್ಪತ್ತು ಜನ ಕಾದಿದ್ದಾರೆ ಎಂದ.

ಆಗ ಅವನು ಕಳಿಸಿದ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಅದರಲ್ಲಿದ್ದ ಶಾಲೆಯ ಇಮೇಲಿಗೂ ನಿಜವಾದ ಶಾಲೆಯ ಇಮೇಲಿಗೂ ಒಂದಕ್ಷರದ ವ್ಯತ್ಯಾಸವಿತ್ತು. ಪತ್ರದಲ್ಲಿದ್ದ ನಂಬರ್ ಬಿಟ್ಟು, ಶಾಲೆಯ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಶನಿವಾರವಾದರೂ ಪುಣ್ಯಕ್ಕೆ ಒಬ್ಬ ಹೆಣ್ಣುಮಗಳು ಎತ್ತಿದಳು. ನಮ್ಮಲ್ಲಿ ಡೇವಿಡ್ ಎಂಬುವರಿಲ್ಲ, ಖಾಲಿ ಜಾಗವೂ ಇಲ್ಲ ಎಂದು ನಿಧಾನವಾಗಿ ಹೇಳಿದಳು. ಈ ತಿಂಗಳು ಹೀಗೆ ವಿಚಾರಿಸಿದವರಲ್ಲಿ ನೀವು ನಾಲ್ಕನೆಯವರು ಎಂದೂ ಹೇಳಿದಳು.

ಅವ್ವ, ದುಡ್ಡು ಇನ್ನೂ ಹೋಗಿರಲಿಲ್ಲ. ಕಾಗದಗಳು ಹೋಗಿದ್ದವು. ಕೊರಿಯರ್‌ನವರ ಮುಂಬಯಿ ಗಾಡಿ ನಾಲ್ಕೂವರೆಗೆ ಬಿಡುತ್ತದೆ ಎಂದು ಛಾಯಾ ಹೇಳಿದ್ದಳು. ಆಗ ನಾಲ್ಕು ಗಂಟೆ. ಛಾಯಾಳನ್ನು ಎಳೆದುಕೊಂಡು ಆಟೋ ಹತ್ತಿದೆ. ಅವಳು ದಾರಿಯುದ್ದಕ್ಕೂ, ನಿನಗೆ ಎಲ್ಲದರಲ್ಲೂ ಸಂಶಯ ಎಂದು ನನ್ನ ಮೇಲೇ ಸಿಟ್ಟಾಗಿದ್ದಳು. ಶಾಲೆಗೆ ಕೊಡಲು ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡಿದ್ದಳು, ಪಾಪ.

ಕೊರಿಯರ್ ಆಫೀಸಿನ ಮುಂದೆ ಟೆಂಪೋ ಅರ್ಧ ತುಂಬಿತ್ತು. ಅಲ್ಲಿಯ ಕಾಮಣ್ಣ ಎಂಬಾತ, "ಬುಕ್ ಆದ ಮ್ಯಾಲ ತಿರುಗಿ ಕೊಡಾಕ ಬರೂದಿಲ್ರಿ ಮ್ಯಾಡಮ್" ಎಂದು ತಲೆ ಅಲ್ಲಾಡಿಸಿದ. ಆಗ, ಅಲ್ಲಿಯವರೆಗೆ ನನ್ನನ್ನು ನಂಬದಿದ್ದ ಛಾಯಾಳೇ ಮುಂದೆ ಬಂದಳು. "ಅಣ್ಣಾ, ಅದರಾಗ ನಮ್ಮ ಹದಿನೇಳು ವರ್ಷದ ಓದು ಅದ. ಅದು ಹೋದ್ರ ನಾವು ಸಾಲಿ ಕಲ್ತಿದ್ದಕ್ಕ ಸಾಕ್ಷಿನ ಇಲ್ಲ" ಎನ್ನುತ್ತಿದ್ದಂತೆ ಅವಳ ಕಣ್ಣು ತುಂಬಿತು. ಕಾಮಣ್ಣ ಗಡಿಯಾರ ನೋಡಿದ. "ಪಾವತಿ ಚೀಟಿ ಅದ ಏನ್ರಿ? ಅರ್ಜಿ ಬರ್ದು ಕೊಡ್ರಿ. ಹುಡುಕೂದು ಮಾತ್ರ ನೀವ ಹುಡುಕಬೇಕು" ಎಂದ.

ನಾವಿಬ್ಬರೂ ಸೀರೆ ಎತ್ತಿ ಕಟ್ಟಿ ಟೆಂಪೋ ಹತ್ತಿದೆವು. ಒಳಗೆಲ್ಲ ಚಾದರು, ಟಾವೆಲ್ಲುಗಳ ಗಂಟು. ಒಂದೊಂದೂ ನನ್ನಷ್ಟು ಭಾರ. ಆಮೇಲೆ ಕಾಮಣ್ಣನೂ ಹತ್ತಿ ಬಂದು ಗಂಟು ಜರುಗಿಸಿದ. ಪಾಕೀಟು ಮೂಲೆಯಲ್ಲಿ ಗಂಟಿನ ಅಡಿಗೆ ಸಿಕ್ಕು ಮಡಚಿಕೊಂಡಿತ್ತು. ಕೈಗೆ ಸಿಕ್ಕಾಗ ಛಾಯಾ ಅಲ್ಲೇ ಗಂಟಿನ ಮೇಲೆ ಕೂತು ನಕ್ಕಳು. ನಾನು ಅತ್ತೆ.

ನಿನಗೆ ಅಂದೇ ಹೇಳಬೇಕಿತ್ತು. ಪೇಢೆ ತಿಂದವರ ಮುಂದೆ ನೀನು ಏನು ಹೇಳುತ್ತೀಯ ಎಂದು ನೆನೆದು, ವೀಸಾ ತಡ ಎಂದುಬಿಟ್ಟೆ. ಆ ಸುಳ್ಳಿನಿಂದಲೇ ಇಂದು ರೂಪಾಲಿ ಅದೇ ಟೆಂಪೋದ ಬಾಗಿಲಿಗೆ ಬಂದು ನಿಂತಿದ್ದಾಳೆ. ತಪ್ಪು ನನ್ನದು, ಕ್ಷಮಿಸು.

ಈಗಿನ ಮಾಲ್ಡೀವ್ಸ್ ನೌಕರಿಯೂ ಹೀಗೆಯೋ ಎಂದು ಹೆದರಬೇಡ. ಅಲ್ಲಿಯ ಮುಖ್ಯಾಧ್ಯಾಪಕಿ ನನ್ನನ್ನು ಎರಡು ಸಲ ವಿಡಿಯೋದಲ್ಲಿ ಕೂರಿಸಿ, ಮೂರು ಮಕ್ಕಳಿಗೆ ಇಪ್ಪತ್ತು ನಿಮಿಷ ಪಾಠ ಮಾಡಿಸಿದಳು. ಬಹಳ ಬೇಗ ಬೇಗ ಮಾತಾಡುತ್ತೀ, ಹಿಂದಿನ ಸಾಲಿನವರಿಗೆ ತಿಳಿಯುವುದಿಲ್ಲ ಎಂದು ತಪ್ಪು ತೋರಿಸಿದಳು. ಆ ತಪ್ಪು ಕೇಳಿ ನನಗಾದ ಸಮಾಧಾನ ಎಷ್ಟೆಂದು ಹೇಳಲಿ! ನನ್ನ ಪಾಠ ಕೇಳಿದವಳು ಮಾತ್ರ ಹಾಗೆ ಹೇಳಬಲ್ಲಳು. ಅಲ್ಲಿ ಕಲಿಸುವ ಕಲಬುರಗಿಯ ಒಬ್ಬ ಹೆಣ್ಣುಮಗಳ ಜೊತೆಗೂ ಮಾತಾಡಿದ್ದೇನೆ. ಕಾಯಿಪಲ್ಲೆ ವಾರಕ್ಕೆರಡು ಸಲ ದೋಣಿಯಲ್ಲಿ ಬರುತ್ತದಂತೆ, ಜೋಳದ ಹಿಟ್ಟು ಮಾತ್ರ ಸಿಗುವುದಿಲ್ಲವಂತೆ. ಯಾರೂ ನನ್ನಿಂದ ದುಡ್ಡು ಕೇಳಿಲ್ಲ, ಅಸಲು ಕಾಗದ ಕೇಳಿಲ್ಲ. ಕೆಲಸದ ವೀಸಾ ಕೈಗೆ ಬಂದ ಮೇಲೆಯೇ ಹೊರಡುವುದು.

ರೂಪಾಲಿಗೆ ನನ್ನ ಮಾತು ನಂಬಬೇಡ ಎನ್ನು. ಆ ಶಾಲೆಗೆ ತಾನೇ ಫೋನ್ ಮಾಡಲಿ. ಅಲ್ಲಿಯ ಒಬ್ಬ ಶಿಕ್ಷಕಿಯ ಜೊತೆ ಮಾತಾಡಿಸಿ ಎಂದು ತನಗೆ ನೌಕರಿ ಕೊಡಿಸುವವನಿಗೂ ಕೇಳಲಿ. ಅಷ್ಟು ಸಾಕು.

ನಿನ್ನ ಮಗಳು,
ಪೂನಮ

*

ಅಕ್ಕಲಕೋಟೆ
ಗುರುವಾರ, 13 ಫೆಬ್ರುವರಿ 2025

ಚಿ. ಪೂನಮಳಿಗೆ ಅವ್ವ ಗಿರಿಜಾಬಾಯಿಯ ಆಶೀರ್ವಾದ.

ಛಾಯಾ ರವಿವಾರ ಹತ್ತಕ್ಕೇ ಬಂದು ರೊಟ್ಟಿ ಉಂಡು ಹೋದಳು. ಚಲೋ ಹುಡುಗಿ. ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಒಮ್ಮೆ ಓದಿದೆ, ಆಮೇಲೆ ಸುಗಲಾಬಾಯಿಯ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ರೂಪಾಲಿ ಬಾಗಿಲಲ್ಲಿ ನಿಂತೇ ಕೇಳುತ್ತಿದ್ದಳು. ನೀವು ಟೆಂಪೋ ಹತ್ತಿದ ಮಾತು ಬಂದಾಗ ಒಳಗೆ ಬಂದು ಕೂತಳು. ನಮ್ಮೆದುರಿಗೇ ಆ ಮನುಷ್ಯನಿಗೆ, ಒಬ್ಬ ಟೀಚರ್ ಜೊತೆ ಮಾತಾಡಿಸಿ ಎಂದು ಬರೆದಳು. ಅವನು ನಾಲ್ಕು ಮಾತು ಬೈದು ಆಮೇಲೆ ಇವಳನ್ನು ಬ್ಲಾಕ್ ಮಾಡಿದ. ಹುಡುಗಿ ಅತ್ತಳು, ಸಂಜೆ ಹೊತ್ತಿಗೆ ಉಂಡಳು. ಕಾಗದಗಳು ಟ್ರಂಕಿನಲ್ಲೇ ಇವೆ. ನಿಜವಾದ ನೌಕರಿ ಹುಡುಕುವುದು ಹೇಗೆಂದು ಕಲಿಯಲು ಈ ರವಿವಾರ ನಿನ್ನ ಹತ್ತಿರ ಬರುತ್ತಾಳೆ.

ಒಂದು ದಿನ ನನಗೆ ನಿನ್ನ ಮೇಲೆ ಬಹಳ ಸಿಟ್ಟಿತ್ತು. ಈಗಿಲ್ಲ. ಓಣಿಯವರು ಕೇಳಿದರೆ, ಬ್ಯಾಂಕಾಕಿನದು ಮೋಸವಿತ್ತು, ನನ್ನ ಮಗಳು ಹಿಡಿದಳು ಎಂದು ನೆಟ್ಟಗೆ ಹೇಳುತ್ತಿದ್ದೇನೆ. ಯಾರೂ ನಗಲಿಲ್ಲ. ಇಬ್ಬರು ತಮ್ಮ ಮಕ್ಕಳ ಫೋನ್ ತಂದು, ಇದು ಖರೇನೋ ಸುಳ್ಳೋ ಕೇಳು ಎಂದರು. ನನಗೇನು ತಿಳಿಯುತ್ತದೆ, ನೀನು ಬಂದಾಗ ನೋಡು.

ನಿನ್ನ ಅವ್ವ

ತಾ.ಕ.: ಒಂದೇ ವರ್ಷಕ್ಕೆ ಹೋಗುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಕರಾರು ಎರಡು ವರ್ಷದ್ದು ಎಂದು ಛಾಯಾ ಬಾಯಿ ತಪ್ಪಿ ಹೇಳಿಬಿಟ್ಟಳು. ನಿಮ್ಮ ಅಪ್ಪನಿಗೆ ತಿಳಿಸಿದ್ದೇನೆ. "ಎರಡಂದ್ರ ಎರಡು, ಚಂದಾಗಿ ಕಲಸಲಿ" ಎಂದರು. ಆದರೆ ನನಗೆ ನಿನ್ನನ್ನು ನೋಡದೆ ಎರಡು ವರ್ಷ ಇರಲಿಕ್ಕಾಗುವುದಿಲ್ಲ. ರೂಪಾಲಿಯಿಂದ ನನ್ನ ಪಾಸ್‌ಪೋರ್ಟಿನ ಅರ್ಜಿ ತುಂಬಿಸಿದ್ದೇನೆ. ಬರುವ ಗುರುವಾರ ಸೊಲ್ಲಾಪುರದ ಆಫೀಸಿಗೆ ಕರೆದಿದ್ದಾರೆ. ಹತ್ತೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರು. ಇದನ್ನು ನಿಮ್ಮ ಅಪ್ಪನಿಗೆ ಇನ್ನೂ ಹೇಳಿಲ್ಲ.