ಮಿಂಚುಳ್ಳಿ ಎಂದೆ, ಅವ್ವಾ

ಮಹಾಂತೇಶ ನಗರ, ಬೆಳಗಾವಿ
13 ಡಿಸೆಂಬರ್ 2024

ಪ್ರೀತಿಯ ಅವ್ವನಿಗೆ,

ನಿನ್ನ ಮನಿಷಾಳ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ: ಇವತ್ತು ನಾನು ಒಂದು ಪೂರ್ತಿ ಪಿರಿಯಡ್ ಪಾಠ ಮಾಡಿದೆ! ನಿಂತುಕೊಂಡು, ಗಟ್ಟಿ ದನಿಯಲ್ಲಿ. ಈ ಕಾಗದ ಬರೆಯುತ್ತಿರುವುದೂ ಬಲಗೈಯೇ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಲಕ್ವಾ ಹೊಡೆದು ನನ್ನ ಮಾತು ಹೋದ ಮೇಲೆ, ಖಾನಾಪುರದ ನಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು ಒಂದೊಂದೇ ಸಾಮಾನು ಎತ್ತಿ "ಇದಕ್ಕ ಏನಂತಾರ, ಹೇಳವಾ" ಅನ್ನುತ್ತಿದ್ದೆಯಲ್ಲ. ಹಂಚಿಗೆ ನಾನು ಚಪ್ಪಲಿ ಅಂದಾಗ, "ಹಂಗಾರ ಚಪ್ಪಲಿ ಮ್ಯಾಲ ರೊಟ್ಟಿ ಬೇಯಿಸೂಣು ಬಿಡು" ಎಂದು ನೀನು ನಕ್ಕೆ. ಆ ನಗು ಇಲ್ಲದಿದ್ದರೆ ನಾನು ಬಾಯಿ ತೆರೆಯುವುದನ್ನೇ ಬಿಡುತ್ತಿದ್ದೆ.

ಇಂದು ಶಹಾಪುರದ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಗೆ ಇಂಗ್ಲಿಷ್. ಪಾಠದಲ್ಲಿ 'ಹ್ಯಾಲ್ಸಿಯನ್' ಎಂಬ ಪದ ಬಂತು. ಗಲಾಟೆ, ಗಾಬರಿ ಇಲ್ಲದ ನೆಮ್ಮದಿಯ ದಿನಗಳಿಗೆ ಹಾಗನ್ನುತ್ತಾರೆ. ಹಳೆಯ ಗ್ರೀಕರ ಕಥೆ ಹೇಳಿದೆ. ಅಲ್ಸಿಯೋನಿ ಎಂಬವಳ ಗಂಡ ಕಡಲಲ್ಲಿ ಮುಳುಗಿದ. ದುಃಖ ತಾಳದೆ ಅವಳೂ ನೀರಿಗೆ ಹಾರಿದಳು. ದೇವತೆಗಳು ಮರುಗಿ ಇಬ್ಬರನ್ನೂ ಹಕ್ಕಿ ಮಾಡಿದರು. ಚಳಿಗಾಲದಲ್ಲಿ ಅವಳು ಕಾವಿಗೆ ಕೂತಾಗ, ಗಾಳಿಯ ಒಡೆಯನಾದ ಅವಳಪ್ಪ ಬಿರುಗಾಳಿಯನ್ನು ಕಟ್ಟಿಹಾಕುತ್ತಾನಂತೆ. ಆ ಹಕ್ಕಿಯ ಹೆಸರೇ ಈ ಪದವಾಯಿತು.

"ಅದು ಯಾವ ಹಕ್ಕಿರೀ, ಟೀಚರ್?" ಎಂದಳು ನೇತ್ರಾ ಎಂಬ ಹುಡುಗಿ.

ಕನ್ನಡದ ಹೆಸರು ಬಾಯಿಗೆ ಬರಲಿಲ್ಲ, ಅವ್ವಾ! ಮಲಪ್ರಭೆಯ ದಂಡೆಯಲ್ಲಿ ನೀನೇ ತೋರಿಸಿದ್ದ ಹಕ್ಕಿ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಡ್‌ಮಾಸ್ಟರ್ ನೇಮಣ್ಣ ಸರ್ ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದರು. ನಾನು ತಿರುಗಿ, ಬೋರ್ಡಿನ ಮೇಲೆ ಉದ್ದ ಕೊಕ್ಕು, ಗಿಡ್ಡ ಬಾಲ ಬರೆದೆ.

"ಖಂಡ್ಯಾ!" ಎಂದು ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಕೂಗಿದರು.

"ಹೌದು, ಮರಾಠಿಯೊಳಗ ಖಂಡ್ಯಾ. ಕನ್ನಡದಾಗ..." ಅನ್ನುವಷ್ಟರಲ್ಲಿ ಬಂದೇಬಿಟ್ಟಿತು. "ಮಿಂಚುಳ್ಳಿ!" ಪಕ್ಕದ ತರಗತಿಗೂ ಕೇಳಿಸಿರಬೇಕು. ಮಕ್ಕಳು ಬೆಂಚು ಬಡಿದು ಚಪ್ಪಾಳೆ ಹೊಡೆದರು. ನನಗೆ ಏನಾಗಿತ್ತೆಂದು ಅವರಿಗೆಲ್ಲ ಗೊತ್ತಿತ್ತು.

ಕೊನೆಗೆ ನೇತ್ರಾ ಮತ್ತೆ ಕೇಳಿದಳು: "ದಿನಾ ಸಾಲಿಗೆ ಬರೂದು, ಮನಿಗೆ ಹೋಗೂದು, ಅದೂ ಹ್ಯಾಲ್ಸಿಯನ್ ಏನ್ರೀ?"

"ಖರೇನ ಅದ, ಅವ್ವಿ" ಎಂದೆ. ಆಸ್ಪತ್ರೆಯಲ್ಲಿ ಮಲಗಿ ನಾನು ಬೇಡಿಕೊಂಡದ್ದು ಅದನ್ನೇ: ಹಾಲು ಉಕ್ಕಿ, ಬಸ್ಸು ತಪ್ಪಿ, ನಿನ್ನ ಅಳಿಯ ಕಾಲುಚೀಲ ಸಿಗದೆ ಕೂಗಾಡುವ ಒಂದು ಸಾದಾ ದಿನ.

ನಿನ್ನ ಮಾತುಗಾರ್ತಿ ಮಗಳು,
ಮನಿಷಾ

ತಾ.ಕ.: ಹೇಳಿದ್ದರೆ ನೀನು ಉಪವಾಸ ಕೂರುತ್ತಿದ್ದೆ, ಅದಕ್ಕೇ ಮುಚ್ಚಿಟ್ಟೆ. ಇವತ್ತಿನದು ನನಗೆ ಪರೀಕ್ಷೆಯಾಗಿತ್ತು. ಪಾಠ ಸಾಗದಿದ್ದರೆ ನನ್ನನ್ನು ಆಫೀಸಿನ ಕೆಲಸಕ್ಕೆ ಹಾಕುವುದೆಂದು ಆಡಳಿತದವರು ತೀರ್ಮಾನಿಸಿದ್ದರು. ಗಂಟೆ ಹೊಡೆದ ಮೇಲೆ ನೇಮಣ್ಣ ಸರ್ ಹತ್ತಿರ ಬಂದು ಅಂದರು: "ಸೋಮವಾರದಿಂದ ಈ ಕ್ಲಾಸು ನಿಮ್ಮದರೀ. ಆಫೀಸಿಗೆ ಬ್ಯಾರೆ ಯಾರನ್ನರೆ ನೋಡ್ತೀವಿ."