ಗಂಡಿನ ಹೆಸರಿನ ಜಾಗ ಖಾಲಿ

ಫೆಬ್ರವರಿ 3, ಸೋಮವಾರ

ಲೈಬ್ರರಿ ಬಾಗಿಲು ತೆಗೆದು, ಗುಡಿಸಿ, ಪೇಪರ್ ಹರಡಿ ಕೂತೆ. ಫೇಸ್‌ಬುಕ್ ನೋಡಿದೆ. ನಮ್ಮ ‘ಸೋಬಾನೆ ಜಗಲಿ’ ಪೇಜಿಗೆ ಹೊಸಬರು ಒಬ್ಬರೂ ಬಂದಿಲ್ಲ. ಇರುವವರೆಲ್ಲ ನಮ್ಮ ಕ್ಯಾತನಹಳ್ಳಿಯವರೇ. ಊರಿನ ಮದುವೆ ಹಾಡು ಊರಿನವರಿಗೇ ಕೇಳಿಸುವುದಕ್ಕೆ ಇಂಟರ್ನೆಟ್ ಯಾಕೆ?

ಗೂಗಲ್ ಡಾಕ್ಸ್‌ನಲ್ಲಿ ಮಾತ್ರ ಕೆಲಸ ಜೋರು. ಮೇಲುಕೋಟೆಯ ಹಾಡು ಸಂಗ್ರಹ ಟ್ರೈನಿಂಗಿನಲ್ಲಿ ಪರಿಚಯವಾದ ಮೂವರೂ ಒಂದೇ ಫೈಲಿನಲ್ಲಿ ಹಾಡು ಬರೆದಿಡುತ್ತಿದ್ದೇವೆ. ನಾನು ಇಲ್ಲಿಂದ, ಮಾನಸ ನಾಗಮಂಗಲದಿಂದ, ಅಶೋಕ್ ಮಾಕವಳ್ಳಿಯಿಂದ. ಅವನು ಸಕ್ಕರೆ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದು ಟೈಪ್ ಮಾಡುತ್ತಾನೆ. ಅವನು ಫೈಲಿಗೆ ಬಂದಾಗ ಅವನ ಹೆಸರಿನ ಹಸಿರು ಕರ್ಸರ್ ಗೆರೆ ಪರದೆ ಮೇಲೆ ಮಿನುಗಿದರೆ ನನಗೊಂದು ಹುರುಪು. ಹುರುಪು ಅಷ್ಟೇ... ಇಲ್ಲಿ ಯಾರು ಓದುತ್ತಾರೆ, ಬರೆದುಬಿಡುತ್ತೇನೆ. ಇಷ್ಟ.

ಹಾಡಿನಲ್ಲಿ ಹೆಣ್ಣು ಗಂಡಿನ ಹೆಸರು ಸೇರಿಸಿ ಹೇಳುವುದು ವಾಡಿಕೆ. ಫೈಲಿನಲ್ಲಿ ಆ ಜಾಗಕ್ಕೆ ಬರೀ ಚುಕ್ಕಿ ಇಟ್ಟಿದ್ದೇವೆ.

ಫೆ. 6, ಗುರುವಾರ

ಬರೀ ಅಕ್ಷರ ಹಾಕಿದರೆ ಯಾರು ನೋಡುತ್ತಾರೆ, ವಿಡಿಯೊ ಬೇಕು ಎಂದ ಅಶೋಕ್. ಪಕ್ಕದ ಮನೆ ದೊಡ್ಡತಾಯಮ್ಮಜ್ಜಿ ಮುಂದೆ ಫೋನ್ ಹಿಡಿದೆ. ಇಷ್ಟು ದಿನ ಗಡಗಡ ಪದ ಬರೆಸಿದವಳು ಹಾಡಲು ಒಪ್ಪಲೇ ಇಲ್ಲ.

“ಎದ್ರುಗೆ ಮದ್ವೆ ಎಣ್ಣಿಲ್ದೆ ಸೋಬಾನೆ ಯೋಳಾಕಾಯ್ತದಾ? ಯಾರ್ ಮುಖ ನೋಡ್ಕಂಡ್ ಯೋಳ್ಲಿ, ಈ ಫೋನಿಂದಾ?”

“ನನ್ ಮಗ್ಳು ರಂಜಿತನ್ನೇ ಕೂರ್ಸ್ಕಳವ್ವ. ಇಪ್ಪತ್ತೊಂಬತ್ತಾಯ್ತು, ಇನ್ನೂ ಮದ್ವೆ ಅಸೆ ಮೇಲೆ ಕೂತಿಲ್ಲ” ಎಂದಳು ನಮ್ಮವ್ವ. ಸಿಕ್ಕಿದ್ದೇ ಚಾನ್ಸು!

ಫೆ. 9, ಭಾನುವಾರ

ಕೂತೆ. ಅವ್ವನ ಧಾರೆ ಸೀರೆ, ಕೆನ್ನೆಗೆ ಅರಿಶಿನ, ತಲೆ ತುಂಬ ಮಲ್ಲಿಗೆ. ನಗು ತಡೆದುಕೊಂಡೇ ಕೂತಿದ್ದೆ. ಅಜ್ಜಿ ಶುರು ಮಾಡಿದ ಮೇಲೆ ನಗು ಎಲ್ಲಿ ಹೋಯಿತೋ, ಕಣ್ಣು ತುಂಬಿತು. ಎಂಥ ಗಂಟಲು ಆ ಮುದುಕಿಯದು! ಗಂಡಿನ ಹೆಸರು ಬಂದಲ್ಲಿ ನನ್ನ ಮುಖ ನೋಡಿ, “ಕಬ್ಬಿನ ಗದ್ದೆ ದಾಟಿ ಬಂದಾನೊ... ಊಂ ಊಂ ರಾಯ” ಎಂದು ದಾಟಿಸಿಬಿಟ್ಟಳು.

ಸಂಜೆಯೇ ವಿಡಿಯೊ ಹಾಕಿದೆ. ‘ನಮ್ಮೂರ ಸೋಬಾನೆ’ ಅಂತ. ಬೇರೇನೂ ಬರೆಯಲಿಲ್ಲ.

ಫೆ. 11, ಮಂಗಳವಾರ

ಅಯ್ಯೋ ದೇವರೇ. ಶಿವಮೊಗ್ಗ, ಬೆಳಗಾವಿ, ಮಸ್ಕತ್... ಎಲ್ಲೆಲ್ಲಿಂದಲೋ ಶೇರ್. “ಹಾಡು ಕೇಳಿ ಅತ್ತುಬಿಟ್ಟೆ” ಅಂತ ಒಬ್ಬರು. ಉಳಿದವರೆಲ್ಲ “ನೂರು ಕಾಲ ಬಾಳಿ”, “ಹುಡುಗ ಎಲ್ಲಿ?” ನನ್ನದೇ ಮದುವೆ ಅಂದುಕೊಂಡಿದ್ದಾರೆ, ವಿಡಿಯೊಗೆ ಕೂತಿದ್ದು ಅಂತ ಬರೆಯಬೇಕಿತ್ತು!

ಬೆಳಗಿನ ಬಸ್ಸಿಗೇ ಶ್ರೀರಂಗಪಟ್ಟಣದಿಂದ ಸಿದ್ದರಾಜು ಮಾವ ಇಳಿದ. ಬಾಗಿಲಲ್ಲೇ ಕೂಗಾಟ.

“ಸ್ವಾದರಮಾವ ನಾನಿನ್ನೂ ಬದ್ಕಿವ್ನಿ ಕಣಕ್ಕ! ನನ್ನೇ ಬುಟ್ಟು ಮದ್ವೆ ಮಾಡ್ಬುಟ್ರಾ?”

“ಗಂಡೆಲ್ಲವ್ನೆ, ಮೊದ್ಲು ಹುಡ್ಕ್ ಕೊಡ್ಲಾ! ಆಮೇಲ್ ಕೂಗಾಡೀವಂತೆ” ಎಂದಳು ಅವ್ವ.

ಜಗಳಕ್ಕೆ ಬಂದವನ ಕೈಯಲ್ಲಿ ಸೀರೆ ಕವರ್ ಬೇರೆ! ಮುದ್ದೆ ಉಂಡು, ಸೀರೆ ಇಲ್ಲೇ ಇರಲಿ ಎಂದು ಬಿಟ್ಟುಹೋದ.

ಎಲ್ಲರೂ ನಕ್ಕೆವು. ಆದರೆ ಭಾನುವಾರದಿಂದ ಹಸಿರು ಗೆರೆ ಕಂಡಿಲ್ಲ.

ಫೆ. 14, ಶುಕ್ರವಾರ

ಮಾನಸ ಫೋನ್ ಮಾಡಿದ್ದಳು. “ಅಕ್ಕಾ, ಮದ್ವೆ ಆಗ್ಬುಟ್ಟು ನಂಗೂ ಯೋಳ್ನಿಲ್ವಲ್ಲ! ಅಶೋಕಣ್ಣನೂ ಕೇಳ್ತು, ಯಾವಾಗಾಯ್ತು ಅಂತ. ಆಮೇಲೆ ಫೋನೇ ಇಟ್ಬುಡ್ತು.”

ಅವನಿಗೆ ಮೆಸೇಜ್ ಟೈಪ್ ಮಾಡಿದೆ. ಅಳಿಸಿದೆ. ಏನಂತ ಕಳಿಸಲಿ — ನನಗೆ ಮದುವೆ ಆಗಿಲ್ಲ, ದಯವಿಟ್ಟು ಗಮನಿಸಿ ಅಂತಲೇ?

ಕೊನೆಗೆ ಪೇಜಿನಲ್ಲೇ ಹಾಕಿದೆ. “ಮದುವೆ ಆಗಿಲ್ಲ. ಎದುರಿಗೆ ಹೆಣ್ಣಿಲ್ಲದೆ ಅಜ್ಜಿ ಹಾಡುವುದಿಲ್ಲ, ಅದಕ್ಕೆ ಕೂತಿದ್ದೆ. ಹಾಡು ಬೇಕಾದವರಿಗೆ ಫೈಲಿನ ಲಿಂಕ್ ಕೆಳಗಿದೆ, ನಿಮ್ಮೂರ ಪದವನ್ನೂ ಸೂಚಿಸಿ.” ಲೋಕಕ್ಕೆಲ್ಲ ಅಂತ ಹಾಕಿದ್ದು, ಒಬ್ಬನಿಗೆ ಮುಟ್ಟಲಿ ಅಂತ.

ಫೆ. 17, ಸೋಮವಾರ, ಬೆಳಿಗ್ಗೆ

ಮೂರೇ ದಿನಕ್ಕೆ ಫೈಲು ಜಾತ್ರೆಯಾಗಿದೆ. ಯಾರು ಯಾರೋ ತಮ್ಮೂರ ಸೋಬಾನೆ ಸೇರಿಸುತ್ತಿದ್ದಾರೆ. ಅಜ್ಜಿಗೆ ತೋರಿಸೋಣ ಎಂದು ಲೈಬ್ರರಿಗೇ ಕರೆತಂದೆ. ಅವಳ ಹಾಡಿನ ಪುಟಕ್ಕೆ ಹೋದೆ.

ಹಸಿರು ಗೆರೆ!

“ಕಬ್ಬಿನ ಗದ್ದೆ ದಾಟಿ ಬಂದಾನೊ” ಆದ ಮೇಲೆ ಚುಕ್ಕಿ ಇದ್ದ ಜಾಗದಲ್ಲಿ — ಅಶೋಕ. ನೇರವಾಗಿ ಬರೆಯುವ ಹಕ್ಕು ಅವನಿಗಿದೆ. ಬರೆದಿಲ್ಲ. ಬರೀ ಸಲಹೆ ಅಂತ ಇಟ್ಟಿದ್ದಾನೆ. ಪಕ್ಕದಲ್ಲಿ ಒಂದು ಸರಿ ಗುರುತು, ಒಂದು ತಪ್ಪು ಗುರುತು. ಆರಿಸುವುದು ನನಗೆ ಬಿಟ್ಟದ್ದು.

“ಏನವ್ವಾ ಅದು, ಮುಖ ಅಂಗ್ ಕೆಂಪಾಯ್ತು?” ಅಂದಳು ಅಜ್ಜಿ. ಓದಿ ಹೇಳಿದೆ. ಕಣ್ಣು ಮುಚ್ಚಿ ಆ ಹೆಸರು ಹಾಕಿ ಒಮ್ಮೆ ಹಾಡಿಕೊಂಡಳು. “ಸರ್ಯಾಗ್ ಕೂತ್ಕತದೆ ಕಣವ್ವ.”

ಹಸಿರು ಗೆರೆ ಅಲ್ಲೇ ಮಿನುಗುತ್ತಾ ಕಾಯುತ್ತಿದೆ. ಇದನ್ನು ಬರೆದಿಟ್ಟೇ ಸರಿ ಗುರುತು ಒತ್ತೋಣ ಅಂತ ಪೆನ್ನು ಹಿಡಿದೆ. ಅಷ್ಟರಲ್ಲಿ ಆ ಸಾಲಿನ ಪಕ್ಕ ಮಾನಸಳ ಕಾಮೆಂಟು — “ಅಕ್ಕಾ, ನೀನ್ ಒತ್ತೀಯೋ, ನಾನೇ ಒತ್ಬುಡ್ಲೋ?”

ಅವಳು ಒತ್ತಿದರೂ ಒತ್ತಿಯಾಳು. ಪೆನ್ನು ಕೆಳಗಿಡಬೇಕು, ಇದನ್ನು ನಾನೇ —