ಎಲ್ಲ ಕೈಗಳೂ ಮೇಲೆದ್ದ ತರಗತಿಯಿಂದ

ಶಿಕ್ಷಕರ ತರಬೇತಿ ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ಒಂದೇ ಕೋಣೆಯಲ್ಲಿ, ಅದೇ ಮಕ್ಕಳಿಗೆ, ಅದೇ ಪಾಠ ಮಾಡಿದ ಇಬ್ಬರಲ್ಲಿ ನಿಮ್ಮ ಕಚೇರಿ ಒಬ್ಬಳನ್ನು ಅರ್ಹ ಶಿಕ್ಷಕಿ ಎಂದಿದೆ, ಇನ್ನೊಬ್ಬಳನ್ನು ಅನರ್ಹಳು ಎಂದಿದೆ. ಅನರ್ಹಳು ನಾನು. ಅರ್ಹಳಾದವಳಿಗೆ ಮಾರ್ಗದರ್ಶಿಯಾಗಿ ನಿಮ್ಮ ಕಚೇರಿಯೇ ನೇಮಿಸಿದ್ದೂ ನನ್ನನ್ನೇ. ಅಂದರೆ ನನ್ನ ಸಹಿಗೆ ಬೇರೆಯವರನ್ನು ಶಿಕ್ಷಕಿಯನ್ನಾಗಿಸುವ ಶಕ್ತಿಯಿದೆ, ನನ್ನನ್ನು ಆಗಿಸುವ ಶಕ್ತಿಯಿಲ್ಲ. ಓದಿ ನಿಮಗೆ ನಗು ಬಂದರೆ ದಯವಿಟ್ಟು ನಗಿ. ನಾನು ನಪಾಸಾದ ಸುದ್ದಿಯನ್ನೂ ಮಾರ್ಗದರ್ಶಿಯಾದ ಸುದ್ದಿಯನ್ನೂ ನಮ್ಮ ಶಾಲೆಯ ದೊಡ್ಡ ಮೇಡಂ ಒಂದೇ ಉಸಿರಿನಲ್ಲಿ ಹೇಳಿದಾಗ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಸರಿ ಮೇಡಂ ಎಂದು ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ತರಗತಿಗೆ ಹೋದೆ.

ನಾನು ಎರಡನೇ ತರಗತಿಯ ಹಂಗಾಮಿ ಟೀಚರ್. ಹೆರಿಗೆ ರಜೆಗೆ ಹೋದವರ ಜಾಗಕ್ಕೆ ಬಂದೆ. ಅವರು ತಿರುಗಿ ಬರಲಿಲ್ಲ, ನಾನು ತಿರುಗಿ ಹೋಗಲಿಲ್ಲ. ನನ್ನಂಥವರೆಲ್ಲ ತರಬೇತಿ ಪಡೆದು ಅರ್ಹರಾಗಲೇಬೇಕೆಂದು ನೀವು ಆದೇಶ ಹೊರಡಿಸಿದಿರಿ. ಒಳ್ಳೆಯ ಆದೇಶ, ಅದರಲ್ಲಿ ನನಗೆ ತಕರಾರಿಲ್ಲ. ದಾರಿ ಆರಿಸಿಕೊಳ್ಳಲು ನಿಮ್ಮ ಸಭಾಂಗಣಕ್ಕೆ ಕರೆದಿರಿ. ಅಲ್ಲಿ ಎರಡು ಮೇಜುಗಳಿದ್ದವು. ಒಂದು, ಕೆಲಸ ಬಿಟ್ಟು ಪೂರ್ಣಾವಧಿ ಕಾಲೇಜು ಸೇರುವವರಿಗೆ. ಇನ್ನೊಂದು, ಕೆಲಸ ಮಾಡುತ್ತಲೇ ಕಲಿಯುವವರಿಗೆ. ಕಾಲೇಜಿನ ಮೇಜಿನ ಮೇಲೆ ಹೂದಾನಿ ಇತ್ತು, ಇನ್ನೊಂದರ ಮೇಲೆ ಇರಲಿಲ್ಲ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು ನಾನು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಅಧಿಕಾರಿ, "ಎರಡೂ ಒಂದೇ ಕಣಮ್ಮ. ಮೆಟ್ಟಿಲು ಹತ್ತಿದ್ರೂ ಅದೇ ಮಹಡಿ, ಲಿಫ್ಟಲ್ಲಿ ಹೋದ್ರೂ ಅದೇ ಮಹಡಿ" ಎಂದರು.

ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ಅಮ್ಮ ಬಟ್ಟೆ ಹೊಲಿಯುತ್ತಾಳೆ. ಈಚೆಗೆ ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನನ್ನು ಕಾಯುತ್ತಾಳೆ. ನಾನು ಕಾಲೇಜಿನ ಮಾತೆತ್ತಿದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದಳು: "ಕೆಲ್ಸ ಬಿಟ್ರೆ ನಿನ್ ಮಕ್ಕಳನ್ನ ಇನ್ಯಾರಿಗೋ ಕೊಡ್ತಾರೆ. ಆಮೇಲೆ ನೀನು ಊಟ ಬಿಟ್ಟು ಕೂತ್ಕೋತೀಯ. ಅದನ್ನ ನೋಡೋ ಶಕ್ತಿ ನಂಗಿಲ್ಲ." ಹೀಗೆ ನಾನು ಮೆಟ್ಟಿಲನ್ನೇ ಆರಿಸಿಕೊಂಡೆ.

ವಾರವಿಡೀ ಮಕ್ಕಳಿಗೆ ಪಾಠ, ರಜೆಯ ದಿನ ನಮಗೆ ಪಾಠ. ತರಬೇತಿ ಕೇಂದ್ರದಲ್ಲಿ ಒಬ್ಬರು ಬೋಧಿಸಿ ತೋರಿಸುವಾಗ ಉಳಿದವರು ಮಕ್ಕಳಾಗಿ ನಟಿಸಬೇಕು. ಮೊಣಕಾಲು ಗದ್ದಕ್ಕೆ ತಾಗುವಂಥ ಪುಟ್ಟ ಬೆಂಚುಗಳಲ್ಲಿ ತಲೆ ನರೆತವರು ಕೂತು, ಪಕ್ಕದವನು ಪೆನ್ಸಿಲ್ ಕಿತ್ತುಕೊಂಡ ಎಂದು ದೂರು ಹೇಳುವುದನ್ನು ನೀವು ಒಮ್ಮೆಯಾದರೂ ನೋಡಬೇಕು. ನಾವು ಮೀಸೆ ಎಂದು ಕರೆಯುತ್ತಿದ್ದ ಸಹಪಾಠಿಯೊಬ್ಬರಂತೂ ನಿಜವಾಗಿ ಅಳಲು ಕಲಿತಿದ್ದರು. ನಮ್ಮ ಉಪನ್ಯಾಸಕಿ ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: ಪಾಠ ಮಗುವಿನ ಮಾತಿನಿಂದ ಬೆಳೆಯಬೇಕು. ನಿಮ್ಮ ಕಚೇರಿ ಅಚ್ಚು ಹಾಕಿಸಿದ ಪಠ್ಯದಲ್ಲೂ ಅದು ದಪ್ಪಕ್ಷರದಲ್ಲಿದೆ. ನಾನು ಅದನ್ನು ನಂಬಿಬಿಟ್ಟೆ. ಅದು ಉತ್ತರ ಪತ್ರಿಕೆಯಲ್ಲಿ ಬರೆಯಲಿಕ್ಕಿರುವ ಮಾತು, ತರಗತಿಯಲ್ಲಿ ಮಾಡಲಿಕ್ಕಲ್ಲ ಎಂದು ಹೂದಾನಿಯಿಲ್ಲದ ಮೇಜಿನವರು ಹೇಳಿರಲಿಲ್ಲ.

ನನ್ನ ಪರೀಕ್ಷಾ ಪಾಠದ ದಿನ ನಿಮ್ಮ ಪರಿವೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಉದ್ದವನ್ನು ಅಳೆಯುವ ಪಾಠ. ಮಕ್ಕಳೂ ನಾನೂ ಬೆಂಚನ್ನು ಗೇಣಿನಿಂದ ಅಳೆಯುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುತ್ತದೆ, ಆಗ ನಾನು ಅಳತೆಪಟ್ಟಿ ಹೊರತೆಗೆಯಬೇಕು, ಯೋಜನೆ ಇಷ್ಟೇ. ಅಷ್ಟರಲ್ಲಿ, ನಾವೆಲ್ಲ ಗುಬ್ಬಿ ಎನ್ನುವ ಹುಡುಗಿ ಎದ್ದು ನಿಂತಳು. "ಟೀಚರ್, ನನ್ ಗೇಣಲ್ಲಿ ಬೆಂಚು ಉದ್ದ, ನಿಮ್ ಗೇಣಲ್ಲಿ ಗಿಡ್ಡ. ನಾವು ದೊಡ್ಡೋರಾಗ್ತಾ ಆಗ್ತಾ ಬೆಂಚು ಸಣ್ಣದಾಗುತ್ತಾ?"

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕೂತ್ಕೋ ಎನ್ನುತ್ತಿದ್ದಿರಾ? ಹೇಗೆ ಕಂಡುಹಿಡಿಯೋಣ ಎಂದು ನಾನು ಮಕ್ಕಳನ್ನೇ ಕೇಳಿದೆ. ಎಲ್ಲರಿಗಿಂತ ದೊಡ್ಡವರಿಂದ ಅಳೆಸಬೇಕು ಎಂದರು. ಇಡೀ ತರಗತಿ ಪರಿವೀಕ್ಷಕರತ್ತ ತಿರುಗಿತು. ಪಾಪ, ಅವರು ಎದ್ದು ಬಂದು ಗೇಣು ಹಾಕಿದರು, ನಕ್ಕರು ಕೂಡ. ಅವರ ಲೆಕ್ಕ ಇನ್ನೂ ಕಡಿಮೆ ಬಂತು. ಬೆಂಚು ನಿಜವಾಗಿಯೂ ಕುಗ್ಗುತ್ತಿದೆ ಎಂದು ಒಂದಷ್ಟು ಮಕ್ಕಳು ಗಾಬರಿಯಾದರು. ಕೊನೆಗೆ ಗುಬ್ಬಿಯೇ ನನ್ನ ಚೀಲದಿಂದ ಇಣುಕುತ್ತಿದ್ದ ಅಮ್ಮನ ಹೊಲಿಗೆ ದಾರ ಕೇಳಿ ಪಡೆದು, ಬೆಂಚಿನುದ್ದಕ್ಕೆ ಹಿಡಿದು ತುಂಡು ಮಾಡಿಸಿದಳು. ನಾಳೆ ಇದೇ ದಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂದಳು. ಅಷ್ಟೊತ್ತಿಗೆ ಗಂಟೆ ಹೊಡೆಯಿತು. ಅಳತೆಪಟ್ಟಿ ನನ್ನ ಚೀಲದಲ್ಲೇ ಉಳಿಯಿತು.

ಪಾಠಯೋಜನೆಯಿಂದ ವಿಚಲನೆ. ಉದ್ದೇಶಿತ ಫಲ ದೊರೆತಿಲ್ಲ. ಕೈ ಎತ್ತಿದ ಮಕ್ಕಳ ಸಂಖ್ಯೆ ಕಡಿಮೆ. ನಿಮ್ಮ ತೀರ್ಪಿನಲ್ಲಿ ಇದ್ದದ್ದು ಇಷ್ಟು.

ಆಮೇಲೆ, ನಾನು ಮಾರ್ಗದರ್ಶಿಯಾಗಬೇಕಿದ್ದ ಪ್ರಶಿಕ್ಷಣಾರ್ಥಿ ಕಾಲೇಜಿನಿಂದ ನನ್ನ ತರಗತಿಗೆ ಬಂದಳು. ಒಳ್ಳೆಯ ಹುಡುಗಿ, ದನಿಯೂ ಸ್ಪಷ್ಟ, ಬೋರ್ಡಿನ ಮೇಲಿನ ಅಕ್ಷರ ನನ್ನದಕ್ಕಿಂತ ಚೆಂದ. ಪರೀಕ್ಷಾ ಪಾಠಕ್ಕೆ ಮಕ್ಕಳು ಆಗಲೇ ಒಮ್ಮೆ ಕೇಳಿದ ಪಾಠವೇ ಕ್ಷೇಮ ಎಂದು ಅದೇ ಬೆಂಚಿನ ಪಾಠವನ್ನು ಆರಿಸಿಕೊಂಡಳು. ಹಿಂದಿನ ದಿನ ಮಕ್ಕಳಿಗೆ ಒಂದು ನಿಯಮ ಕಲಿಸಿದಳು: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಲಗೈ ಎತ್ತಿದವರನ್ನಷ್ಟೇ ಅವಳು ಎಬ್ಬಿಸುತ್ತಾಳೆ. ಹಿಂದೆ ಕೂತವರಿಗೆ ಕಾಣುವುದು ಕೈಗಳ ಕಾಡು. ಇದೇನು ಎಂದು ನಾನು ಕೇಳಿದೆ.

"ನಮ್ ಕಾಲೇಜಲ್ಲಿ ಎಲ್ರೂ ಹೀಗೇ ಮಾಡೋದು ಮೇಡಂ. ನಾವು ಪಾಠ ಮಾಡಿ ಅಭ್ಯಾಸ ಮಾಡೋ ಶಾಲೆ ಮಕ್ಕಳಿಗೆ ನಾವು ಹೇಳೋದೂ ಬೇಡ, ಅವ್ರೇ ನಮಗೆ ಹೇಳ್ಕೊಡ್ತಾರೆ" ಎಂದಳು. ಆಮೇಲೆ ನಿಜವಾದ ಮರುಕದಿಂದ, "ನಿಮಗೆ ಯಾರೂ ಹೇಳ್ಲೇ ಇಲ್ವಾ?" ಎಂದು ಕೇಳಿದಳು.

ಅದೇ ಪರಿವೀಕ್ಷಕರು ಬಂದರು. ಇಡೀ ತರಗತಿ ಉತ್ಸಾಹದಿಂದ ಪಾಲ್ಗೊಂಡಿದೆ ಎಂದು ಬರೆದರು. ಮಾರ್ಗದರ್ಶಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಕಾಲು ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿದೆ ನನಗೆ ಆವತ್ತಿನಿಂದ.

ಹುಡುಗಿ ಹೋದಳು, ನಿಯಮ ಉಳಿಯಿತು. ಈಗ ನಾನು ಏನು ಕೇಳಿದರೂ ಕೈಗಳೆಲ್ಲ ಮೇಲೇಳುತ್ತವೆ. ಇನ್ನು ಹಾಗೆ ಎತ್ತಬೇಕಿಲ್ಲ ಎಂದು ಎಷ್ಟು ಹೇಳಿದರೂ ಬಿಡಲೊಲ್ಲರು. ಎಡಗೈ ಎತ್ತಿದವರನ್ನು ಯಾರೂ ಎಬ್ಬಿಸುವುದಿಲ್ಲವಲ್ಲ, ಅವರಿಗೆ ಅದು ಹಾಯೆನಿಸಿದೆ. ಗುಬ್ಬಿ ಪ್ರತಿ ಸಲವೂ ಎಡಗೈ ಎತ್ತುತ್ತಾಳೆ. ಬೆಂಚಿನ ದಾರ ಕಿಟಕಿಯ ಮೊಳೆಗೆ ನೇತುಬಿದ್ದಿದೆ, ಅದನ್ನು ಬೆಂಚಿಗೆ ಹಿಡಿದು ನೋಡೋಣ ಎಂದು ಈಗ ಯಾರೂ ಕೇಳುವುದಿಲ್ಲ. ಮೊನ್ನೆ ಅವಳ ಪಕ್ಕ ಕೂತು, ಏನಾದರೂ ಕೇಳಬೇಕೇನೇ ಎಂದೆ.

"ಇಲ್ಲ ಟೀಚರ್" ಎಂದಳು. "ಎಡಗೈ ಎತ್ತಿದೀನಲ್ಲ."

ಈಗ ನಿಮ್ಮ ಕಚೇರಿ ನನ್ನೆದುರು ಮತ್ತೆ ಎರಡು ದಾರಿ ಇಟ್ಟಿದೆ. ತರಗತಿ ಬಿಟ್ಟು ಕಾಲೇಜು ಸೇರಿ ಮೊದಲಿನಿಂದ ಕಲಿಯುವುದು. ಇಲ್ಲವೇ ಇದೇ ಮಕ್ಕಳೆದುರು ಇನ್ನೊಂದೇ ಒಂದು ಸಲ ಪರೀಕ್ಷಾ ಪಾಠ ಮಾಡುವುದು. ಅದರಲ್ಲೂ ಸೋತರೆ ತರಗತಿ ಇನ್ನೊಬ್ಬರದು. ಎರಡರಲ್ಲಿ ಒಂದನ್ನು ಈ ತಿಂಗಳೊಳಗೆ ಆರಿಸಬೇಕಂತೆ. ಮೇಜಿನ ಅಧಿಕಾರಿ ಈ ಸಲವೂ, ಎರಡೂ ಒಂದೇ ಎಂದರು. ನಾನು ಪಾಸಾಗುವುದು ಈಗ ಸುಲಭ, ಮಾನ್ಯರೇ. ಮಕ್ಕಳು ತಯಾರಾಗಿದ್ದಾರೆ. ನಾನು ಸುಮ್ಮನಿದ್ದರೆ ಸಾಕು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಮುಂದಿನ ಸಲ ಪರಿವೀಕ್ಷಕರನ್ನು ಕಳಿಸಬೇಡಿ, ನೀವೇ ಬನ್ನಿ. ಹೇಳದೆ ಬನ್ನಿ. ಹಿಂದಿನ ಬೆಂಚಿನಲ್ಲಿ ಕೂತು ಮೇಲೆದ್ದ ಕೈಗಳನ್ನು ಎಣಿಸಬೇಡಿ. ಯಾವ ಕೈ ಎಂದು ನೋಡಿ. ಆಮೇಲೆ ಆ ಎರಡು ಮೇಜುಗಳ ನಡುವೆ ನಿಂತು, ಯಾವ ದಾರಿ ಹಿಡಿಯಬೇಕೆಂದು ನನಗೆ ನೀವೇ ಹೇಳಿ. ನನಗಂತೂ ಉತ್ತರ ಗೊತ್ತಿಲ್ಲ.

ಇಂತಿ,
ಎಡಗೈ ಎತ್ತಿ ಕೂತಿರುವ
ಎರಡನೇ ತರಗತಿಯ ಹಂಗಾಮಿ ಟೀಚರ್